ರಾತ್ರಿ ಅನ್ನ ಮಾಡಲಿಲ್ಲ

ನನ್ನ ತಂಗಿಯ ಮಗನಿಗೆ ಮದುವೆಯಾದಂದಿನಿಂದ ಅವನ ಮನೆಯ ವರ್ತಮಾನಗಳು ನನಗೆ ನಿತ್ಯವೂ ತಲಪುತ್ತಿವೆ. ಬ್ರಹ್ಮಚಾರಿಯಾಗಿದ್ದ ಕಾಲದಲ್ಲಿ ಹಬ್ಬಕ್ಕೊಮ್ಮೆ ‘ಚೆನ್ನಾಗಿದ್ದೇನೆ, ಮಾವ’ ಎಂದು ತಿಳಿಸುವುದೇ ತನ್ನ ಔದಾರ್ಯದ ಪರಾಕಾಷ್ಠೆಯೆಂದು ಭಾವಿಸಿದ್ದ ಈ ಯುವಕನು, ಗೃಹಸ್ಥಾಶ್ರಮವನ್ನು ಪ್ರವೇಶಿಸಿದೊಡನೆಯೇ ವಾಚಾಳಿಯಾಗಿ, ಸಿಲಿಂಡರು ಮುಗಿದುದು, ಕುಕ್ಕರಿನ ಗ್ಯಾಸ್ಕೆಟ್ಟು ಸಡಿಲವಾದುದು, ಕಿಟಕಿಯ ಪರದೆಗೆ ಬಣ್ಣವನ್ನಾರಿಸುವುದರಲ್ಲಿ ಒಂದು ಭಾನುವಾರವೇ ಸಂದುಹೋದುದು, ಮಹಡಿಯ ನೀರಿನ ತೊಟ್ಟಿ ತುಂಬಿ ಹರಿದು ಒಣಹಾಕಿದ್ದ ಹಪ್ಪಳವನ್ನೆಲ್ಲ ತೋಯಿಸಿದುದು, ಇವೇ ಮೊದಲಾದ ಸಮಾಚಾರಗಳನ್ನು ಮೊಬೈಲಿನಲ್ಲಿ ಚಿತ್ರಸಹಿತವಾಗಿ ನಿವೇದಿಸತೊಡಗಿದನು. ಇವುಗಳನ್ನು ಕ್ಷುಲ್ಲಕವೆಂದು ನಾನು ಎಂದೂ ಎಣಿಸಿದವನಲ್ಲ. ದೇಶಕ್ಕೆ ದೇಶವೇ ‘ಭಾರತ ಬಿಟ್ಟು ತೊಲಗಿ’ ಎಂದು ಕೂಗುತ್ತಿದ್ದ 1942ರಲ್ಲಿಯೇ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯು ಹೊರಬಂದು, ಗಂಡಹೆಂಡಿರ ಸಣ್ಣಪುಟ್ಟ ಸಂಗತಿಗಳು ಕಾವ್ಯಕ್ಕೆ ಒದಗಲಾರವೆಂಬ ಮಾತನ್ನು ಅಡಗಿಸಿದುದು ನಮ್ಮ ಕಡೆಯವರೆಲ್ಲರೂ ಬಲ್ಲ ವಿಷಯ. ಆದರೆ ಕಳೆದ ರಾಜ್ಯೋತ್ಸವದ ಆಸುಪಾಸಿನಲ್ಲಿ ಬಂದ ಒಂದು ವರ್ತಮಾನ ಮಾತ್ರ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಚುಚ್ಚುತ್ತಲೇ ಉಳಿಯಿತು. ಅದರಲ್ಲಿದ್ದುದು ಇಷ್ಟೆ: ‘ಇವತ್ತು ರಾತ್ರಿ ಅನ್ನ ಮಾಡಲಿಲ್ಲ.’

ಮೈಸೂರಿನ ಕಡೆಯ ಮನೆಗಳ ಪದ್ಧತಿಯನ್ನರಿಯದವರಿಗೆ ಈ ವಾಕ್ಯದ ಗಾಂಭೀರ್ಯವು ಹೊಳೆಯಲಾರದು. ನಮ್ಮ ಮನೆಯಲ್ಲಿ ರಾತ್ರಿ ಒಲೆಯ ಮೇಲೆ ಅನ್ನದ ಪಾತ್ರೆ ಏರಲಿಲ್ಲವೆಂದರೆ ಒಂದೋ ಏಕಾದಶಿಯಿರಬೇಕು, ಇಲ್ಲವೆ ಗ್ರಹಣವಿರಬೇಕು, ಎರಡೂ ಅಲ್ಲವಾದರೆ ಬಾಯಿಬಿಟ್ಟು ಹೇಳಬಾರದ ಮತ್ತೊಂದು ಕಾರಣವಿರಬೇಕು. ಆದುದರಿಂದ ನಾನು ಮೊದಲು ಜ್ವರವನ್ನೂ, ಅನಂತರ ದಂಪತಿಗಳ ಕಲಹವನ್ನೂ ಊಹಿಸಿ, ನನ್ನ ಮನೆಯವರೊಡನೆ ಸಮಾಲೋಚಿಸಿ, ಕೂಡಲೇ ವಿಚಾರಿಸಬೇಕೇ ಬೆಳಗಿನವರೆಗೆ ತಾಳಬೇಕೇ ಎಂದು ತರ್ಕಿಸುತ್ತಿರುವಷ್ಟರಲ್ಲಿಯೇ ಹಿಂದಿನಿಂದ ಒಂದು ಚಿತ್ರವು ಬಂದಿತು. ತಟ್ಟೆಯಲ್ಲಿ ಜೋಳದ ರೊಟ್ಟಿಗಳು ಒಂದರ ಮೇಲೊಂದು. ಪಕ್ಕದಲ್ಲಿ ಬದನೆಯ ಎಣಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಕೆನೆಮೊಸರು, ಸೌತೆಕಾಯಿ, ಹಸಿ ಈರುಳ್ಳಿ. ಅನ್ನದ ಅಗುಳು ಎಲ್ಲಿಯೂ ಇಲ್ಲ. ಅದಕ್ಕಿಂತಲೂ ನನ್ನನ್ನು ಕಾಡಿದುದೆಂದರೆ, ಇಪ್ಪತ್ತೆಂಟು ವರ್ಷ ನಮ್ಮ ತಂಗಿಯ ಕೈಯ ತಿಳಿಸಾರು ಅನ್ನದಲ್ಲಿ ಬೆಳೆದ ಹುಡುಗನು ಆ ಸುದ್ದಿಯನ್ನು ಬರೆದ ರೀತಿಯಲ್ಲಿ ವಿಷಾದದ ಲೇಶವೂ ಇಲ್ಲದಿದ್ದುದು.

ಹುಡುಗಿ ಧಾರವಾಡದವಳು. ಇಬ್ಬರಿಗೂ ಬೆಂಗಳೂರಿನಲ್ಲಿ ಉದ್ಯೋಗ. ಅಲ್ಲಿಯೇ ಪರಿಚಯ, ಅಲ್ಲಿಯೇ ಬಾಡಿಗೆಯ ಮನೆ. ಅವಳೂ ನನಗೆ ಆಗಾಗ ವರ್ತಮಾನವನ್ನು ಕಳುಹಿಸುವುದುಂಟು. ಅವನು ಬರೆದುದಕ್ಕೂ ಅವಳು ಬರೆದುದಕ್ಕೂ ಎಷ್ಟೋ ಸಲ ತಾಳೆಯಾಗದೆ, ಹಾಲನ್ನು ಉಕ್ಕಿಸಿದವರು ಯಾರೆಂಬಂಥ ಪ್ರಶ್ನೆಗಳಲ್ಲಿ ನಾನು ಉಭಯ ಪಕ್ಷಗಳ ಅಹವಾಲನ್ನೂ ಕೇಳಿ ತೀರ್ಪನ್ನು ಕಾದಿರಿಸಬೇಕಾಗುತ್ತದೆ. ರೊಟ್ಟಿಯ ಶಾಸ್ತ್ರವನ್ನು ನನಗೆ ಉಪದೇಶಿಸಿದವಳು ಅವಳೇ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟಿಲ್ಲ. ಆದುದರಿಂದ ಕುದಿಯುವ ನೀರನ್ನು ಹುಯ್ದು ಅದಕ್ಕೆ ಅಂಟನ್ನು ಬರಿಸಿ, ಬಿಸಿಯಾರುವ ಮುನ್ನವೇ ಚೆನ್ನಾಗಿ ನಾದಿ, ಒಣಹಿಟ್ಟನ್ನುದುರಿಸಿ, ಲಟ್ಟಣಿಗೆಯ ಹಂಗಿಲ್ಲದೆ ಅಂಗೈಯಿಂದಲೇ ಬಡಿದು ಹರಡಿ, ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಹದವನ್ನರಿತು ಮಗುಚಿ, ಕಡೆಗೆ ಉರಿಗೆ ಹಿಡಿದು ಉಬ್ಬಿಸಬೇಕಂತೆ. ಬೀಸಿ ಬಹಳ ದಿನವಾದ ಹಿಟ್ಟು ಬಿರಿಯುವುದರಿಂದ, ಬೆಂಗಳೂರಿನ ಅಂಗಡಿಯ ಪೊಟ್ಟಣವನ್ನು ನಂಬದೆ ತವರಿನಿಂದ ಜೋಳವನ್ನೇ ತರಿಸಿ ಗಿರಣಿಗೆ ಹಾಕಿಸುತ್ತಾಳೆ. ರೊಟ್ಟಿ ಬಡಿಯುವ ಸದ್ದು ಸಂಜೆ ಏಳರ ಹೊತ್ತಿಗೆ ಛಾವಣಿಯ ಮೂಲಕ ಕೆಳಗಿನ ಮನೆಗೆ ಇಳಿದು, ಆ ಮನೆಯವರು ಮಾಲೀಕರಲ್ಲಿ ದೂರಿತ್ತು, ಮಾಲೀಕರು ವಿಚಾರಣೆಗೆ ಬಂದು, ಎರಡು ಬಿಸಿರೊಟ್ಟಿಯನ್ನು ತಿಂದು, ದೂರನ್ನು ವಜಾಮಾಡಿ ಹಿಂದಿರುಗಿದರೆಂಬುದು ಇಬ್ಬರ ವರದಿಯೂ ಒಂದೇ ಆಗಿದ್ದ ಅಪೂರ್ವ ಪ್ರಸಂಗಗಳಲ್ಲಿ ಒಂದು. ನಮ್ಮ ಹುಡುಗನೂ ಬಡಿಯಲು ಕಲಿಯುತ್ತಿರುವನಂತೆ. ಅವನ ಕೈಯಲ್ಲಿ ಅಂಚು ಬಿರಿದ ರೊಟ್ಟಿಯನ್ನು ಬಿಸಿಯಾಗಿರುವಾಗಲೇ ಬೆಳ್ಳುಳ್ಳಿ, ಖಾರ, ಎಣ್ಣೆಯೊಡನೆ ಕುಟ್ಟಿ ಅವಳು ಮುಟಗಿ ಮಾಡಿಕೊಡುತ್ತಾಳೆ. ಆ ಮುಟಗಿಯ ಆಸೆಗೆ ಅವನು ಬೇಕೆಂದೇ ಬಿರಿಯಿಸುತ್ತಿರುವನೆಂಬುದು ಅವಳ ಆರೋಪ.

ಈ ಜೋಳ ಅಕ್ಕಿಗಳ ವ್ಯಾಜ್ಯವು ನಮ್ಮ ಕುಟುಂಬಕ್ಕೆ ಹೊಸದಲ್ಲ. ನನ್ನ ತಾತನವರು ತಮ್ಮ ಜಗುಲಿಯ ಮೇಲೆ ಕುಳಿತು ಕರ್ನಾಟಕದ ಏಕೀಕರಣವನ್ನು ಇದೇ ಕಾರಣದಿಂದ ವಿರೋಧಿಸಿದ್ದರೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ‘ಅವರು ಜೋಳ ತಿನ್ನುವವರು, ನಾವು ಅನ್ನ ತಿನ್ನುವವರು; ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವುದು ಹೇಗೆ?’ ಎಂಬುದು ಅವರ ವಾದದ ಸಾರವಂತೆ. ತಾತನವರೊಬ್ಬರೇ ಹಾಗೆ ಯೋಚಿಸಿದವರೆಂದು ತಿಳಿಯಬೇಡಿ. ಮುಂಬಯಿ ಪ್ರಾಂತ್ಯದ ಅಧೀನದಲ್ಲಿ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡಗಳೂ, ನಿಜಾಮನ ಸೀಮೆಯಲ್ಲಿ ಬೀದರ, ಕಲಬುರ್ಗಿ, ರಾಯಚೂರುಗಳೂ, ಮದರಾಸಿನ ಕೈಕೆಳಗೆ ದಕ್ಷಿಣ ಕನ್ನಡ, ಬಳ್ಳಾರಿಗಳೂ ಇದ್ದು, ಕೊಡಗು ತನ್ನಷ್ಟಕ್ಕೆ ತಾನೇ ಇದ್ದ ಆ ಕಾಲದಲ್ಲಿ, ಮಹಾರಾಜರ ಮೈಸೂರಿನವರು ತಮ್ಮ ನೀರಾವರಿ, ತಮ್ಮ ವಿದ್ಯುತ್ತು, ತಮ್ಮ ವಿಶ್ವವಿದ್ಯಾನಿಲಯಗಳ ಸುಖದಲ್ಲಿ ನೆಮ್ಮದಿಯಾಗಿದ್ದರು. ಉತ್ತರದ ಜಿಲ್ಲೆಗಳ ಹೊರೆಯೆಲ್ಲ ತಮ್ಮ ಬೊಕ್ಕಸದ ಮೇಲೆ ಬೀಳುವುದೆಂಬ ಅಂಜಿಕೆ ಇಲ್ಲಿನ ಎಷ್ಟೋ ಮಂದಿಗಿತ್ತು. ಏಕೀಕರಣದ ಹಂಬಲವು ಬೆಳೆದದ್ದೆಲ್ಲ ಆ ಕಡೆಯಲ್ಲಿಯೇ. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು; 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು ಪ್ರಕಟವಾಯಿತು; 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವು ನಡೆದ ಬೆಳಗಾವಿಯಲ್ಲಿಯೇ ಏಕೀಕರಣದ ಮೊದಲ ಪರಿಷತ್ತೂ ಕೂಡಿತು. ಮನೆಯಲ್ಲಿ ಹೆಚ್ಚು ಕಷ್ಟಪಟ್ಟವರಿಗೇ ಮನೆ ಒಂದಾಗಬೇಕೆಂಬ ಆತುರವೂ ಹೆಚ್ಚು. ಮೈಸೂರಿನ ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ತಮ್ಮವರೇ ಅನೇಕರ ಅಸಮಾಧಾನವನ್ನು ಲೆಕ್ಕಿಸದೆ ಏಕೀಕರಣದ ಪರವಾಗಿ ನಿಂತುದು ಅವರ ದೊಡ್ಡತನ. ನಮ್ಮ ತಾತನವರ ಜಗುಲಿಯಲ್ಲಿ ಆ ದೊಡ್ಡತನಕ್ಕೆ ಮನ್ನಣೆಯಿರಲಿಲ್ಲ.

ಇಲ್ಲಿ ನನಗೆ ನಗಬೇಕೋ ತಲೆಬಾಗಬೇಕೋ ತಿಳಿಯದಂಥ ಒಂದು ಸಂಗತಿಯಿದೆ. ನಾವು ಉಂಡು ಕುಳಿತು ವಾದಿಸುತ್ತಿದ್ದ ಕಾಲದಲ್ಲಿ ಅವರು ಉಣ್ಣುವುದನ್ನೇ ಬಿಟ್ಟು ಕುಳಿತಿದ್ದರು. 1953ರಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯ ಶಂಕರಗೌಡರು ಆಮರಣ ಉಪವಾಸವನ್ನು ಕೈಗೊಂಡರು, ಜನ ಬೀದಿಗಿಳಿದರು, ಹುಬ್ಬಳ್ಳಿಯಲ್ಲಿ ಗಲಭೆಯಾಯಿತು. ಆ ವರ್ಷದ ಕೊನೆಯಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಗಿ, 1955ರಲ್ಲಿ ವರದಿಯನ್ನೊಪ್ಪಿಸಿ, 1956ರ ನವೆಂಬರ್ 1ರಂದು ನಾಡು ಒಂದಾಯಿತು. ಹೀಗೆ ಒಂದಾದ ನಾಡಿಗೆ ‘ಮೈಸೂರು’ ಎಂಬ ಹೆಸರೇ ಉಳಿದುದು ನಮ್ಮ ಕಡೆಯವರ ಜಾಣತನವೆನ್ನಬೇಕು. ತುಂಬಿದ ಸಂಸಾರಕ್ಕೆ ಬಂದ ಸೊಸೆಯಂತೆ ಉತ್ತರದವರು ಅದನ್ನು ಹದಿನೇಳು ವರ್ಷ ಸಹಿಸಿದರು. ದೇವರಾಜ ಅರಸರ ಕಾಲದಲ್ಲಿ, 1973ರಲ್ಲಿ, ‘ಕರ್ನಾಟಕ’ವೆಂಬ ಹೆಸರು ಬಂದಿತು. ಅಂದ ಮೇಲೆ, ಅಂದು ಅವರು ಅನ್ನವನ್ನು ತೊರೆದುದರ ಫಲವಾಗಿ ಇಂದು ನಮ್ಮ ಹುಡುಗನೊಬ್ಬನು ರಾತ್ರಿಯ ಅನ್ನವನ್ನು ತೊರೆದರೆ ಅದನ್ನು ಲೆಕ್ಕ ಚುಕ್ತಾ ಆಯಿತೆಂದು ಭಾವಿಸಬಾರದೇಕೆ?

ಆದರೆ ಲೆಕ್ಕ ಪೂರ್ತಿಯಾಗಿ ಚುಕ್ತಾ ಆಗಿಲ್ಲ. ಒಂದು ಸಂಜೆ ಮಾತಿಗೆ ಮಾತು ಬಂದು ಅವಳು ಬರೆದಳು: ‘ನಮ್ಮ ಊರಾಗs ಇಂಥಾ ಕೆಲಸ ಇದ್ದಿದ್ರ ನಾ ಯಾಕ ಇಷ್ಟು ದೂರ ಬರತಿದ್ದೆ, ಮಾಮಾ? ಈಗ ತಮ್ಮನೂ ಬೆಂಗಳೂರಿಗೇ ಬರಾಂವ ಅದಾನ.’ ಇದಕ್ಕೆ ಏನು ಉತ್ತರ ಕೊಡಬೇಕೆಂದು ನಾನು ಬಹಳ ಹೊತ್ತು ಯೋಚಿಸಿದೆನು. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯು, ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದೂ, ಅವುಗಳಲ್ಲಿ ಅತ್ಯಂತ ಹಿಂದುಳಿದವು 39 ಎಂದೂ, ಆ 39ರಲ್ಲಿ 26 ಉತ್ತರದವೆಂದೂ ಎಣಿಸಿ ತೋರಿಸಿದೆ. ಹೊರೆ ನಮ್ಮ ಮೇಲೆ ಬೀಳುವುದೆಂದು ಜಗುಲಿಯಲ್ಲಿ ಕುಳಿತು ಹೆದರಿದವರು ಈ ಎಣಿಕೆಯನ್ನು ನೋಡಬೇಕಾಗಿತ್ತು. ನಮ್ಮ ಹುಡುಗನು ಉದ್ಯೋಗಕ್ಕಾಗಿ ಮೂರು ಗಂಟೆಯ ಪ್ರಯಾಣದಷ್ಟು ದೂರ ಹೋದನು. ಅವಳು ನಾನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಸವೆಸಿ ಬಂದಳು. ರೊಟ್ಟಿಯ ಚಿತ್ರವನ್ನು ನೋಡಿ ಅನ್ನವೆಲ್ಲಿ ಎಂದು ಕೇಳುವ ಅಧಿಕಾರ, ನಾನೂರು ಕಿಲೋಮೀಟರು ಬಂದವಳ ಎದುರಿನಲ್ಲಿ, ಮೂರು ಗಂಟೆಯವನ ಸೋದರಮಾವನಿಗೆ ಎಷ್ಟರಮಟ್ಟಿಗೆ ಇರಬಹುದು? ನಾನು ಕೊನೆಗೆ, ‘ತಮ್ಮ ಬಂದರೆ ಮೈಸೂರಿಗೂ ಕರೆದುಕೊಂಡು ಬಾಮ್ಮ’ ಎಂದಷ್ಟೇ ಬರೆದೆನು.

ದಸರೆಯಲ್ಲಿ ಅವರಿಬ್ಬರೂ ಬಂದಿದ್ದರು. ನಮ್ಮಲ್ಲಿ ಗೊಂಬೆ ಕೂರಿಸುವ ಪದ್ಧತಿ; ಅವಳಲ್ಲಿ ವಿಜಯದಶಮಿಯಂದು ಬನ್ನಿಯನ್ನು ಹಂಚಿ ಬಂಗಾರದಂತೆ ಬಾಳೋಣವೆಂದು ಹಾರೈಸುವ ಪದ್ಧತಿ. ನಮ್ಮ ಬೀದಿಯಲ್ಲಿ ಎಂದೂ ಯಾರೂ ಯಾರಿಗೂ ಬನ್ನಿಯ ಎಲೆಯನ್ನು ಕೊಟ್ಟಿದ್ದಿಲ್ಲ. ಜಂಬೂಸವಾರಿಯನ್ನು ನೋಡಿ ದಣಿದು ಬಂದವಳು, ಎಲ್ಲಿಂದ ಸಂಪಾದಿಸಿದಳೋ ಅರಿಯೆ, ಒಂದು ಹಿಡಿ ಎಲೆಗಳೊಡನೆ ಬೀದಿಯ ಮನೆಮನೆಗೂ ಹೋಗಿ ಹಿರಿಯರಿಗೆಲ್ಲ ನಮಸ್ಕರಿಸಿದಳು. ಎದುರುಮನೆಯ ನಿವೃತ್ತ ಮೇಷ್ಟರು, ಹತ್ತು ವರ್ಷದಿಂದ ಕಾಂಪೌಂಡಿನ ಗೋಡೆಯ ವಿಷಯವಾಗಿ ನನ್ನೊಡನೆ ಮಾತು ಬಿಟ್ಟವರು, ಆ ಎಲೆಯನ್ನು ತೆಗೆದುಕೊಂಡು ಏನು ಮಾಡಬೇಕೆಂದು ತಿಳಿಯದೆ ನನ್ನನ್ನೇ ಕೇಳಲು ಬಂದರು. ಹಬ್ಬಗಳ ವಿಷಯದಲ್ಲಿ ಅವಳಿಗೆ ಲಾಭವೇ ಹೆಚ್ಚು: ಅವರ ಕಡೆ ತವರಿಗೆ ಕರೆಯುವುದು ಶ್ರಾವಣದ ನಾಗರಪಂಚಮಿಗೆ, ಉಂಡಿ ಕಟ್ಟಿ ಜೋಕಾಲಿ ಕಟ್ಟಿ, ನಮ್ಮ ಕಡೆ ತವರಿನಿಂದ ಬಾಗಿನ ಬರುವುದು ಭಾದ್ರಪದದ ಗೌರಿಗೆ. ಅವಳು ಎರಡನ್ನೂ ಬಿಡುವುದಿಲ್ಲ. ಹೋಳಿಗೆಯ ಹೂರಣಕ್ಕೆ ಕಡಲೆಬೇಳೆಯೋ ತೊಗರಿಬೇಳೆಯೋ ಎಂಬ ಪ್ರಶ್ನೆ ಮಾತ್ರ ಇನ್ನೂ ಇತ್ಯರ್ಥವಾಗದೆ, ಯುಗಾದಿಗೆ ಎರಡು ಬಗೆಯ ಹೋಳಿಗೆಗಳೂ ಆದುವು. ಬೆಳಿಗ್ಗೆ ಅವನ ಕಾಫಿಗೂ ಅವಳ ಚಹಕ್ಕೂ ಎರಡು ಪಾತ್ರೆಗಳು ಈಗಲೂ ಏರುತ್ತವೆ. ಎಲ್ಲವೂ ಒಂದೇ ಆಗಬೇಕೆಂದು ನಾನು ಹೇಳುವವನಲ್ಲ. ಈಚೆಗೆ ಅವಳಿಂದ ಬಂದ ವರ್ತಮಾನ ಹೀಗಿದೆ: ‘ತಿಳಿಸಾರು ಅಂದ್ರ ಬರೇ ನೀರು ಅಂತ ತಿಳ್ಕೊಂಡಿದ್ದೆ, ಮಾಮಾ, ಈಗ ಲೋಟದಾಗ ಹಾಕ್ಕೊಂಡು ಕುಡೀಲಿಕ್ಕೆ ಹತ್ತೀನಿ.’ ಇದನ್ನು ನಮ್ಮ ತಂಗಿಗೆ ಓದಿ ಹೇಳಿದಾಗ ಅವಳ ಮುಖದಲ್ಲಿ ಮೂಡಿದ ವಿಜಯದ ಗೆಲವನ್ನು ತಾತನವರು ನೋಡಬೇಕಾಗಿತ್ತು.

ನಮ್ಮ ಮನೆಯ ಸ್ಥಿತಿಯೂ ಮೊದಲಿನಂತಿಲ್ಲ. ಅವಳು ದಸರೆಗೆ ಬಂದಾಗ ತಂದಿತ್ತ ಡಬ್ಬಿಗಳಲ್ಲಿ ಗುರೆಳ್ಳಿನ ಚಟ್ನಿಪುಡಿಯ ಡಬ್ಬಿಯೂ ಒಂದು. ‘ಇದೇನು ಇಷ್ಟು ಕಪ್ಪಗಿದೆ!’ ಎಂದು ಅದನ್ನು ಮೇಲಿನ ಅಟ್ಟಣೆಗೆ ಸೇರಿಸಿದ್ದ ನನ್ನ ಮನೆಯವರು, ಒಂದು ದಿನ ಮೊಸರನ್ನಕ್ಕೆ ನೆಂಚಿಕೊಳ್ಳಲು ಏನೂ ತೋರದೆ ಅದನ್ನು ಕೆಳಗಿಳಿಸಿದರು. ಅಲ್ಲಿಂದೀಚೆಗೆ ಅದು ಮತ್ತೆ ಮೇಲೇರಲಿಲ್ಲ. ದೋಸೆಗೆ ಅದು, ಉಪ್ಪಿಟ್ಟಿಗೆ ಅದು, ಬಿಸಿ ಅನ್ನಕ್ಕೆ ತುಪ್ಪದೊಡನೆ ಅದು. ಈಗ ಡಬ್ಬಿ ಬರಿದಾಗಿದೆ. ಹುಡುಗಿ ತವರಿಗೆ ಹೋಗುವುದು ಇನ್ನು ಪಂಚಮಿಗೆ. ಅವಳನ್ನೇ ಕೇಳೋಣವೆಂದರೆ ನನ್ನ ಮನೆಯವರಿಗೆ ಅಭಿಮಾನ ಅಡ್ಡಬರುತ್ತದೆ. ಇದನ್ನು ಓದುವವರಲ್ಲಿ ಧಾರವಾಡದ ಕಡೆಯಿಂದ ಮೈಸೂರಿಗೆ ಬರುವವರು ಯಾರಾದರೂ ಇದ್ದರೆ, ಅರ್ಧ ಕಿಲೋ ಗುರೆಳ್ಳಿನ ಚಟ್ನಿಪುಡಿಯನ್ನು ದಯವಿಟ್ಟು ತಂದುಕೊಡಬೇಕಾಗಿ ಪ್ರಾರ್ಥನೆ. ಖಾರ ತುಸು ಮುಂದಾಗಿಯೇ ಇರಲಿ.