ಬಡಮೈಲನ ಹಾಡು

ಕಳೆದ ಕಾರ್ತಿಕದ ಒಂದು ಭಾನುವಾರ ಬಾಡಿಗೆಯ ಕಾರಿನಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಸಕುಟುಂಬವಾಗಿ ಹೊರಟೆವು. ನಾನು, ನನ್ನಾಕೆ, ಎಂಟು ವರ್ಷದ ಮಗಳು, ಜೊತೆಗೆ ನನ್ನ ಅವ್ವ. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಮಗಳಿಗೆ ತೋರಿಸಬೇಕೆಂಬುದು ನನ್ನ ಹಂಬಲ. ಬುತ್ತಿಯ ಗಂಟು ಚೆಲ್ಲದಿದ್ದರೆ ಸಾಕೆಂಬುದು ನನ್ನಾಕೆಯದು.

ತಳುಕು ಬಂದೊಡನೆ, ಕನ್ನಡ ಮೇಷ್ಟರ ಚಪಲ ನೋಡಿ, ಇದು ಟಿ. ಎಸ್. ವೆಂಕಣ್ಣಯ್ಯನವರ ಊರು, ಕುವೆಂಪು ತಮ್ಮ ರಾಮಾಯಣವನ್ನು ಅರ್ಪಿಸಿದ್ದು ಈ ಗುರುವಿಗೇ ಎಂದು ಉಪನ್ಯಾಸಕ್ಕೆ ತೊಡಗಿದೆ. ಕೇಳುವವರಿರಲಿಲ್ಲ. ಹಿಂದಿನ ಆಸನದಲ್ಲಿ ಅಜ್ಜಿ ಮೊಮ್ಮಗಳಿಗೆ ಜುಂಜಪ್ಪನ ಕಥೆ ಹೇಳುತ್ತಿದ್ದಳು. ಜುಂಜಪ್ಪ ಕಾಡುಗೊಲ್ಲರ ವೀರ, ದೇವರೂ ಹೌದು. ಅವನು ನೀಳವಾದ ಬಿದಿರಿನ ಗಣೆಯನ್ನು ಊದಿದರೆ ಬಡಮೈಲನೆಂಬ ಗೂಳಿ ಎಲ್ಲಿದ್ದರೂ ಹುಲ್ಲು ಬಿಟ್ಟು ಓಡಿಬರುತ್ತಿತ್ತಂತೆ.

"ಅದು ಈಗಲೂ ಇದೆಯಾ ಅಜ್ಜಿ?"

"ಊದುವವರು ಇದ್ದರೆ ಬಂದೀತು."

ಬ್ರಹ್ಮಗಿರಿಯಲ್ಲಿ ನನ್ನ ಸರದಿ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಬರಹವೆಂದೂ, 1892ರಲ್ಲಿ ರೈಸ್ ಸಾಹೇಬರು ಇದನ್ನು ಬೆಳಕಿಗೆ ತಂದರೆಂದೂ, ತಾಯ್ತಂದೆಯರಿಗೆ ವಿಧೇಯರಾಗಿರಬೇಕೆಂದು ಇದರಲ್ಲಿ ವಿಧಿಸಿದೆಯೆಂದೂ ವಿವರಿಸಿದೆ. ಮಗಳು ಬ್ರಾಹ್ಮೀ ಅಕ್ಷರಗಳನ್ನು ದಿಟ್ಟಿಸಿ, "ಕೋಳಿ ಕೆದರಿದ ಹಾಗಿದೆ" ಎಂದಳು. ನಾನು ಹತ್ತಾರು ಚಿತ್ರ ತೆಗೆದುಕೊಂಡೆ.

ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಸುತ್ತಲೂ ಒಂದರ ಮೇಲೊಂದು ಒರಗಿದ ಬಂಡೆಗಳು, ಒಣಹುಲ್ಲು, ಗಾಳಿ. ಬಂಡೆಯ ಮರೆಯಿಂದ ಒಂದು ದನದ ಹಿಂಡು ಹೊರಬಂದಿತು. ಮುಂದಿದ್ದ ಬಿಳಿಯ ಗೂಳಿ ಕತ್ತೆತ್ತಿ ನಮ್ಮನ್ನೇ ನೋಡಿತು.

"ಅಗೋ ಬಡಮೈಲ!" ಮಗಳು ಕಿರುಚಿದಳು.

ಅವ್ವ ಹಾಡತೊಡಗಿದಳು. ತವರಿನ ಹಟ್ಟಿಯಲ್ಲಿ ಅವಳಪ್ಪ ಗಣೆಯೂದುತ್ತಿದ್ದಾಗ ಕೇಳಿ ಕಲಿತ ಪದ. ಈ ಕಂಠವನ್ನು ನಾನು ಕೇಳಿ ಇಪ್ಪತ್ತು ವರ್ಷವಾದರೂ ಆಗಿರಬೇಕು. ಗೂಳಿ ಹೊಳೆ ದಾಟುವಲ್ಲಿ ಹಾಡು ನಿಂತಿತು. ತುಟಿ ಅಲುಗಿತು, ಪದ ಬರಲಿಲ್ಲ.

"ಮುಂದೆ ಏನೋ ಮಗಾ?" ಎಂದು ನನ್ನನ್ನು ಕೇಳಿದಳು.

ಜಾನಪದ ಪತ್ರಿಕೆಯನ್ನು ಎಂಟು ವರ್ಷದಿಂದ ಪಾಠ ಹೇಳುತ್ತಿರುವವನು ನಾನು. ಓದುಬರಹವಿಲ್ಲದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟಿದ್ದ ನಮ್ಮ ತಾಲ್ಲೂಕಿನದೇ ಸಿರಿಯಜ್ಜಿಯ ಹೆಸರೆತ್ತಿದರೆ ತರಗತಿಯಲ್ಲಿ ನನ್ನ ಗಂಟಲು ಗದ್ಗದವಾಗುವುದುಂಟು. ಆದರೆ ನನ್ನ ಅವ್ವನ ಮುಂದೆ ಒಂದು ದಿನವೂ ನೋಟುಪುಸ್ತಕ ಹಿಡಿದು ಕುಳಿತವನಲ್ಲ. ತಲೆ ತಗ್ಗಿಸಿದೆ. ಅವ್ವ, "ಹೋಗಲಿ ಬಿಡು" ಎಂದು ಮೊಸರನ್ನದ ಡಬ್ಬಿಗೆ ಕೈಹಾಕಿದಳು. ಹಿಂಡು ಬಂಡೆಗಳಾಚೆ ಮರೆಯಾಗಿತ್ತು.

ಹಿಂತಿರುಗುವಾಗ ಕತ್ತಲಾಯಿತು. ಎಲ್ಲರಿಗೂ ಜೊಂಪು. ತಳುಕು ದಾಟಿರಬೇಕು, ಅವ್ವ ಥಟ್ಟನೆ ನನ್ನ ಭುಜ ಹಿಡಿದು, "ಸಿಕ್ಕಿತು" ಎಂದು ಮೆಲ್ಲಗೆ ಹಾಡಲಾರಂಭಿಸಿದಳು. ಜೇಬು ತಡವಿದೆ, ಲೇಖನಿಯಿಲ್ಲ. ಶಾಸನದ ಚಿತ್ರ ತೆಗೆದು ತೆಗೆದು ಮೊಬೈಲು ಆರಿಹೋಗಿತ್ತು.

ಮಗಳನ್ನು ಅಲುಗಿಸಿ ಎಬ್ಬಿಸಿದೆ.