ಹಿಂದಿನ ಆಸನದ ತೀರ್ಪು

ಭಾರತದಲ್ಲಿ ಪೋಲೊ ಕಾರಿನ ತಯಾರಿಕೆ 2022ರಲ್ಲಿ ನಿಂತಿತು. ನನ್ನ ಪುಟ್ಟ ಪೋಲೊ ಜಿಟಿಯ ಓಟದ ಚಪಲ ಮಾತ್ರ ನಿಂತಿಲ್ಲ. ಹಿಂಬದಿಗೆ ಗಡುಸು ಸ್ಪ್ರಿಂಗ್ ಹಾಕಿಸಿದರೆ ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವಾಗ ತಿರುವಿನಲ್ಲಿ ಅದು ಅಷ್ಟಾಗಿ ವಾಲದೆಂದು ಮಿತ್ರರ ಬೋಧೆ. ಮಾತೇನೋ ನಿಜ. ಆದರೆ ಹಿಂದಿನ ಗಾಲಿಗಳೆರಡನ್ನೂ ಒಂದೇ ತೊಲೆ ಬೆಸೆದಿದೆ. ಒಂದು ಗಾಲಿ ಹಳ್ಳಕ್ಕಿಳಿದರೆ ಇನ್ನೊಂದಕ್ಕೂ ಸುದ್ದಿ ಮುಟ್ಟುತ್ತದೆ. ಸ್ಪ್ರಿಂಗ್ ಅತಿ ಗಡುಸಾದರೆ, ಹಗುರವಾದ ಹಿಂಬದಿಯಲ್ಲಿ ಗಾಲಿಯೇ ಪುಟಿಯುತ್ತದೆ. ಪುಟಿದ ಗಾಲಿಗೆ ನೆಲದ ಹಿಡಿತವೆಲ್ಲಿಯದು? ಗುಬ್ಬಿಯ ಚನ್ನಬಸವೇಶ್ವರನ ದರ್ಶನಕ್ಕೆ ಆ ಗಾಲಿಗಳ ಮೇಲೆ ಕುಳಿತು ಬರುವವರು ಬೆನ್ನುನೋವಿನ ನನ್ನ ತಾಯಿ. ಆದುದರಿಂದ ಸ್ಪ್ರಿಂಗ್ ಇದ್ದಂತೆಯೇ ಇರಲಿ. ಸವೆದ ಡ್ಯಾಂಪರುಗಳನ್ನಷ್ಟೇ ಬದಲಿಸುವೆನು. ಇನ್ನು ತಿರುವಿನಲ್ಲಿ ವೇಗ ತಗ್ಗಿಸುವುದಕ್ಕೆ ಖರ್ಚೇನೂ ಇಲ್ಲವಷ್ಟೆ!