ಮಗನ ಮಂಡಿನೋವು

ನಮ್ಮ ಹಿರಿಯ ಮಗನು ಊಟಕ್ಕೆ ನೆಲದ ಮೇಲೆ ಕೂಡಲೊಲ್ಲದೆ ಕುರ್ಚಿಯನ್ನು ಬಯಸತೊಡಗಿದಾಗ ನಾವು ದಂಪತಿಗಳಿಬ್ಬರೂ ಅದನ್ನು ಹೊಸ ಕಾಲದ ಹುಡುಗರ ಠೀವಿಯೆಂದೇ ಬಗೆದೆವು. ಹದಿನಾರರ ಪ್ರಾಯ; ಒಂದೇ ವರ್ಷದಲ್ಲಿ ನಾಲ್ಕು ಬೆರಳು ಎತ್ತರ ಬೆಳೆದಿದ್ದನು. ವೇಗದ ಬೌಲಿಂಗೆಂದರೆ ಅವನಿಗೆ ಊಟ ನಿದ್ರೆ ಬೇಡ. ಮೆಟ್ಟಿಲಿಳಿಯುವಾಗ ಅವನು ಗೋಡೆ ಹಿಡಿಯುತ್ತಿದ್ದುದನ್ನು ನಾವು ಕಂಡಿದ್ದೆವು. ಕಂಡೂ ಸುಮ್ಮನಿದ್ದೆವು, ಏಕೆಂದರೆ ಜಿಲ್ಲಾ ತಂಡದ ಆಯ್ಕೆಗೆ ಆಗ ಮೂರೇ ವಾರ ಉಳಿದಿದ್ದವು. ಅವನ ಅಜ್ಜಿ ರಾತ್ರಿ ಬಿಸಿ ಎಳ್ಳೆಣ್ಣೆ ತಿಕ್ಕಿ, "ಬೆಳಿಯೋ ಕಾಲು, ನೋಯ್ತಾವಪ್ಪಾ" ಎಂದು ಸಮಾಧಾನ ಹೇಳುತ್ತಿದ್ದರು.

ಚೆಂಡೆಸೆಯುವಾಗ ಮುಂಗಾಲಿನ ಮೊಣಕಾಲು ಬಗ್ಗಬಾರದು, ಕಂಬದಂತೆ ನಿಲ್ಲಬೇಕು ಎಂದು ತರಬೇತಿ ಕೊಡುವವರು ಅವನಿಗೆ ಕಲಿಸಿದ್ದರು. ಅದು ಸುಳ್ಳೇನಲ್ಲ. ನೆಟ್ಟಗೆ ನಿಂತ ಆ ಕಾಲಿಗೆ ದೇಹವು ಗಕ್ಕನೆ ತಡೆದು ಮುಂದಕ್ಕೆ ಬಾಗುವುದರಿಂದಲೇ ಓಟದ ವೇಗವು ತೋಳಿಗೂ ಚೆಂಡಿಗೂ ಸಾಗುತ್ತದೆ. ಆದರೆ ಆ ಕ್ಷಣ ಕಾಲಿಗೆ ಬೀಳುವ ಹೊಡೆತವು ದೇಹದ ತೂಕದ ಐದಾರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. 60 ಕಿಲೋ ತೂಗುವ ಹುಡುಗನ ಒಂದೇ ಕಾಲಿನ ಮೇಲೆ 300 ಕಿಲೋ! ಓವರಿಗೆ ಆರು ಸಲ. ನಮ್ಮವನು ಸಿಮೆಂಟಿನ ಮೇಲೆ ಹಾಸಿದ ಮ್ಯಾಟಿನಲ್ಲಿ ದಿನಕ್ಕೆ ನೂರು ಚೆಂಡು ಎಸೆಯುತ್ತಿದ್ದನು. ಆ ಲೆಕ್ಕವನ್ನು ನಾವೇ ನೆಂಟರೆದುರು ಹೆಮ್ಮೆಯಿಂದ ಹೇಳಿದ್ದುಂಟು.

ಕಡೆಗೊಂದು ದಿನ ಅವನು ಮೈದಾನದಿಂದ ಕುಂಟುತ್ತ ಬಂದನು. ವೈದ್ಯರು ಎಕ್ಸ್‌ರೇ ತೆಗೆಸಿದರು, ಎಲುಬಿನಲ್ಲಿ ದೋಷವಿರಲಿಲ್ಲ. ಬಳಿಕ, ಎಡಗಾಲೊಂದರ ಮೇಲೆ ನಿಂತು ಮೆಲ್ಲನೆ ಮಂಡಿ ಬಗ್ಗಿಸೆಂದರು. ಪಾದದ ನೇರಕ್ಕೆ ಬರಬೇಕಾದ ಮೊಣಕಾಲು ಒಳಕ್ಕೆ, ಹೆಬ್ಬೆರಳಿನಾಚೆಗೆ ವಾಲಿತು. ಸೊಂಟದ ಪಕ್ಕದ ಸ್ನಾಯುಗಳು ಸೋತಿರುವುದರಿಂದ ತೊಡೆಯು ಒಳಕ್ಕೆ ತಿರುಗುತ್ತದೆ. ಆಗ ಮಂಡಿಚಿಪ್ಪು ಜಾಡು ತಪ್ಪಿದ ಗಾಲಿಯಂತೆ ಉಜ್ಜುತ್ತದೆ ಎಂದು ವಿವರಿಸಿದರು. ಎಣ್ಣೆ ತಿಕ್ಕಿದ್ದು ಮಂಡಿಗೆ, ಬಲ ಬೇಕಾಗಿದ್ದುದು ಸೊಂಟಕ್ಕೆ! ಆರು ವಾರ ಬೌಲಿಂಗ್ ಬೇಡ, ಹಾಗೆಂದು ಹಾಸಿಗೆಯನ್ನೂ ಹಿಡಿಯಬೇಡ, ದಿನವೂ ವ್ಯಾಯಾಮ ಮಾಡು ಎಂಬುದು ಅವರ ಆಜ್ಞೆ.

ಆ ರಾತ್ರಿ ನಮಗೆ ಏನೇನೋ ನೆನಪಾದವು. 1992ರಲ್ಲಿ ವೆಲಿಂಗ್ಟನ್‌ನಲ್ಲಿ ಇಂಗ್ಲೆಂಡಿನ ಡೇವಿಡ್ ಲಾರೆನ್ಸ್ ಚೆಂಡೆಸೆಯಲು ಓಡಿಬಂದು ಮಂಡಿಚಿಪ್ಪು ಸೀಳಿ ಬಿದ್ದದ್ದು. ಮೊಣಕಾಲಿನ ಕಾಟದಿಂದಲೇ ಆಂಡ್ರ್ಯೂ ಫ್ಲಿಂಟಾಫ್ 2010ರಲ್ಲಿ ನಿವೃತ್ತರಾದದ್ದು. ನಮ್ಮ ಹುಡುಗನ ನೋವಿಗೆ ಅವನ್ನು ಹೋಲಿಸುವುದು ಸಲ್ಲದು, ನಿಜ. ಹೆತ್ತವರ ಮನಸ್ಸು ತರ್ಕವನ್ನು ಕೇಳುವುದೆಲ್ಲಿ?

ಆಯ್ಕೆ ಅವನಿಲ್ಲದೆಯೇ ನಡೆಯಿತು. ಎರಡು ದಿನ ಅವನು ಯಾರೊಡನೆಯೂ ಮಾತಾಡಲಿಲ್ಲ. ನೋವನ್ನು ಮೊದಲೇ ಏಕೆ ಹೇಳಲಿಲ್ಲವೆಂದು ತುಸು ಗಡಸಾಗಿಯೇ ಕೇಳಿದೆವು. "ಹೇಳಿದ್ರ ನಿಮಗ ಬ್ಯಾಸರ ಆಗ್ತಿತ್ತಲ್ಲಪ್ಪಾ" ಎಂದನು. ಆ ಮಾತಿಗೆ ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ.

ಈಗ ನಾಲ್ಕು ತಿಂಗಳು ಸಂದಿವೆ. ವಾರಕ್ಕೆ ಮೂರು ದಿನ, ದಿನಕ್ಕೆ ಮೂವತ್ತೇ ಚೆಂಡು. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಅವನ ತಾಯಿ ಗುರುತು ಹಾಕುತ್ತಾಳೆ. ಕಳೆದ ತಿಂಗಳು ಬಂಧುಗಳ ಗೃಹಪ್ರವೇಶದಲ್ಲಿ ಅವನು ತಾನಾಗಿ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ಹೋಳಿಗೆ ಉಂಡನು. ಏಳುವಾಗ ಕೈಯೂರುವನೋ ಇಲ್ಲವೋ ಎಂದು ನಾವಿಬ್ಬರೂ ಬೇರೆ ಬೇರೆ ಕಂಬಗಳ ಮರೆಯಲ್ಲಿ ನಿಂತು ನೋಡುತ್ತಿದ್ದೆವು.